ಪೆಟ್ಟಾದ ಮಿದುಳು: ಒಂದೊಂದು ಜೀವಕೋಶದ ಹೇಳಿಕೆ

ಆಟಿ ತಿಂಗಳ ಮಳೆ ಒಂದೆರಡು ದಿನ ಬಿಡುವು ಕೊಟ್ಟಿತೆಂದರೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ತೋಟಗಳಲ್ಲಿ ಅವಸರದ ಕೆಲಸವೊಂದು ಮೊದಲಾಗುತ್ತದೆ. ಮೈಲುತುತ್ತು ಮತ್ತು ಸುಣ್ಣವನ್ನು ಬೆರಸಿದ ನೀಲಿ ದ್ರಾವಣವನ್ನು ಗೊನೆಗೊನೆಗೂ ಸಿಂಪಡಿಸಬೇಕು. ಇದನ್ನು ಈ ನಾಡಿನವರು ‘ಮದ್ದು ಬಿಡುವುದು’ ಎನ್ನುತ್ತಾರೆ. ಮುಂಗಾರಿಗೆ ಮುನ್ನ ಒಮ್ಮೆ ಬಿಟ್ಟ ಮದ್ದಿನ ಬಲ 40–45 ದಿನಗಳಲ್ಲಿ ಕುಂದುತ್ತದೆ. ಎರಡನೆಯ ಬಾರಿ ಬಿಡದಿದ್ದರೆ ಕೊಳೆರೋಗವು ವರ್ಷದ ಬೆಳೆಯನ್ನೇ ನೆಲಕ್ಕುದುರಿಸೀತು. ಆದುದರಿಂದ ಮರ ಒದ್ದೆಯಾಗಿದೆ, ಪಾಚಿ ಕಟ್ಟಿದೆ ಎಂದು ಸುಮ್ಮನೆ ಕುಳಿತಿರುವಂತಿಲ್ಲ. ಕಾಲಿಗೆ ತಳೆ ಸಿಕ್ಕಿಸಿಕೊಂಡು, ತಲೆಗೆ ಹಾಳೆಯ ಮುಟ್ಟಾಳೆಯಿಟ್ಟು, ಈ ಕೆಲಸದಲ್ಲಿ ನುರಿತವನೊಬ್ಬ ಮರವೇರುತ್ತಾನೆ. ಏರಿದವನು ಒಂದು ಮರದ ತಲೆಯಿಂದ ಇನ್ನೊಂದರ ತಲೆಗೆ ದಾಟುವುದೂ ಉಂಟು.

ಹಾಗೆ ಏರಿದವನೊಬ್ಬ ಹತ್ತು ಮೀಟರ್ ಎತ್ತರದಲ್ಲಿ ಹಿಡಿತ ತಪ್ಪಿ ಬಿದ್ದನೆಂದು ಭಾವಿಸೋಣ. ಶಾಲೆಯಲ್ಲಿ ಕಲಿತ ಗುರುತ್ವಾಕರ್ಷಣೆಯ ಲೆಕ್ಕವನ್ನು ಇಲ್ಲಿ ಹಾಕಿ ನೋಡಬಹುದು. ನೆಲವನ್ನು ಮುಟ್ಟಲು ಅವನಿಗೆ ಹಿಡಿಯುವ ಕಾಲ 1.4 ಸೆಕೆಂಡು, ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಅಷ್ಟು ವೇಗದಲ್ಲಿ ಓಡುತ್ತಿರುವ ವಾಹನ ಗೋಡೆಗೆ ಬಡಿದರೆ ಒಳಗಿದ್ದವನ ಗತಿ ಏನೋ ಇವನ ಗತಿಯೂ ಅದೇ. ತೋಟದ ನೆಲ ಮೆತ್ತಗಿದ್ದು ಅವನು ಬದುಕಿ ಉಳಿಯಬಹುದು. ಕೆಳಗಿದ್ದವರು ಓಡಿ ಬರುತ್ತಾರೆ. ಅವನು ಕಣ್ಣು ತೆರೆದು ತನ್ನ ಹೆಸರು ಹೇಳುತ್ತಾನೆ, ನೀರು ಕೇಳುತ್ತಾನೆ, ಮೆಲ್ಲನೆ ಎದ್ದೂ ಕೂರುತ್ತಾನೆ. ಏನೂ ಆಗಲಿಲ್ಲವೆಂದು ಎಲ್ಲರೂ ಉಸಿರು ಬಿಡುತ್ತಾರೆ. ಸಂಜೆಯ ಹೊತ್ತಿಗೆ ತಲೆನೋವು ಹೆಚ್ಚುತ್ತದೆ, ಎರಡು ಸಲ ವಾಂತಿಯಾಗುತ್ತದೆ. ರಾತ್ರಿ ಊಟಕ್ಕೆ ಎಬ್ಬಿಸಿದರೆ ಏಳುವುದಿಲ್ಲ.

ಬೆಳಗ್ಗೆ ಮಾತನಾಡಿದವನಿಗೆ ರಾತ್ರಿಯಾಗುವಾಗ ಏನಾಯಿತು? ಮರದಿಂದ ಬಿದ್ದುದು ಒಮ್ಮೆ ಮಾತ್ರ; ಆ ಬಳಿಕ ಅವನನ್ನು ಯಾರೂ ಹೊಡೆಯಲಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ವಿಜ್ಞಾನಿಗಳು ಇಂದು ಮಿದುಳಿನ ಒಂದೊಂದು ಜೀವಕೋಶವನ್ನೂ ಪ್ರತ್ಯೇಕವಾಗಿ ವಿಚಾರಿಸುವ ಹಂತಕ್ಕೆ ಬಂದಿದ್ದಾರೆ. ಆ ವಿಚಾರಣೆಯ ಕ್ರಮ ಹೇಗೆ, ಅದರಿಂದ ಏನು ತಿಳಿದುಬಂದಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎರಡು ಬಗೆಯ ಗಾಯ

ಮನುಷ್ಯನ ಮಿದುಳು ಸುಮಾರು 1,300–1,400 ಗ್ರಾಂ ತೂಗುತ್ತದೆ. ಅದು ಎಳನೀರಿನ ಒಳಗಿನ ತೆಳು ತಿರುಳಿನಂತೆ ಮೆತ್ತನೆಯದು. ಅಂಥ ವಸ್ತುವನ್ನು ಪ್ರಕೃತಿಯು ಗಟ್ಟಿಯಾದ ಬುರುಡೆಯೊಳಗಿಟ್ಟು, ಸುತ್ತಲೂ ತಿಳಿನೀರಿನಂಥ ದ್ರವವನ್ನು ತುಂಬಿದೆ. ಬಿದ್ದ ರಭಸಕ್ಕೆ ಬುರುಡೆ ತಟ್ಟನೆ ನಿಂತರೂ ಒಳಗಿನ ಮಿದುಳು ಇನ್ನೂ ಮುಂದಕ್ಕೆ ಚಲಿಸುತ್ತಿರುತ್ತದೆ. ಅದು ಒಂದು ಬದಿಗೆ ಬಡಿದು ಮತ್ತೆ ಹಿಂದಕ್ಕೆ ಬಂದು ಎದುರು ಬದಿಗೂ ಬಡಿಯಬಹುದು, ತಿರುಚಿಕೊಳ್ಳಲೂಬಹುದು. ಆಗ ರಕ್ತನಾಳಗಳು ಹರಿಯುತ್ತವೆ, ನರಕೋಶಗಳ ಉದ್ದವಾದ ಎಳೆಗಳು ಜಗ್ಗಿ ಕೆಡುತ್ತವೆ. ಇದು ಪ್ರಥಮ ಗಾಯ. ಬಿದ್ದ ಕ್ಷಣದಲ್ಲಿಯೇ ಆಗಿಹೋಗುವ ಈ ಹಾನಿಯನ್ನು ಯಾವ ವೈದ್ಯನೂ ಆಗದಂತೆ ಮಾಡಲಾರ.

ಇದರ ಬೆನ್ನಿಗೇ ಎರಡನೆಯ ಗಾಯ ಆರಂಭವಾಗುತ್ತದೆ. ಹರಿದ ನಾಳದಿಂದ ರಕ್ತ ಸೋರಿ ಬುರುಡೆಯೊಳಗೆ ಹೆಪ್ಪುಗಟ್ಟಬಹುದು. ನಮ್ಮ ಉದಾಹರಣೆಯ ಮನುಷ್ಯ ಮೊದಲು ಮಾತನಾಡಿ ಬಳಿಕ ಪ್ರಜ್ಞೆ ತಪ್ಪಿದುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಹೆಪ್ಪು ಬೆಳೆದಂತೆ ಮಿದುಳನ್ನು ಒತ್ತುತ್ತದೆ. ಬುರುಡೆ ಹಿಗ್ಗುವ ಪಾತ್ರೆಯಲ್ಲವಾದುದರಿಂದ ಒತ್ತಡ ಏರುತ್ತಲೇ ಹೋಗುತ್ತದೆ. ಇದನ್ನು ಸಿ.ಟಿ. ಚಿತ್ರದಲ್ಲಿ ಕಾಣಬಹುದು, ಶಸ್ತ್ರಚಿಕಿತ್ಸೆಯಿಂದ ತೆಗೆಯಲೂಬಹುದು.

ಆದರೆ ಚಿತ್ರದಲ್ಲಿ ಕಾಣದ ಇನ್ನೊಂದು ಹಾನಿಯುಂಟು. ಒಡೆದ ನರಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಚೆಲ್ಲಿ ನೆರೆಯ ಕೋಶಗಳನ್ನು ಅತಿಯಾಗಿ ಕೆರಳಿಸುತ್ತದೆ. ಕೆರಳಿದ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಕೋಶಕ್ಕೆ ಶಕ್ತಿಯೊದಗಿಸುವ ವ್ಯವಸ್ಥೆ ಕುಸಿಯುತ್ತದೆ. ರೋಗನಿರೋಧಕ ಕೋಶಗಳು ಎಚ್ಚೆತ್ತು ಗಾಯದ ಜಾಗವನ್ನು ಸುತ್ತುವರಿಯುತ್ತವೆ. ನೀರು ತುಂಬಿ ಬಾವು ಬರುತ್ತದೆ. ಪೆಟ್ಟು ಬೀಳದಿದ್ದ ಕೋಶಗಳೂ ಹೀಗೆ ಗಂಟೆಗಟ್ಟಲೆ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸಾಯುತ್ತಿರುತ್ತವೆ. ಪೆಟ್ಟು ಒಂದು ಕ್ಷಣದ್ದು, ಗಾಯ ಹಲವು ದಿನಗಳದ್ದು. ಹಲವು ದಿನಗಳದ್ದಾದುದರಿಂದಲೇ ಅದನ್ನು ನಡುವೆ ತಡೆಯುವ ಆಸೆಗೂ ಎಡೆಯಿದೆ.

ತಡೆಯುವುದು ಹೇಗೆ? ಬಾವನ್ನು ಇಳಿಸುವುದೆಂದು ಹೆಸರಾದ ಸ್ಟೀರಾಯ್ಡ್ ಔಷಧಗಳನ್ನು ತಲೆಗೆ ಪೆಟ್ಟಾದವರಿಗೆ ವೈದ್ಯರು ಹಲವು ದಶಕಗಳ ಕಾಲ ಕೊಡುತ್ತಿದ್ದರು. ಅದರ ನಿಜವಾದ ಗುಣವನ್ನು ತಿಳಿಯಲು ಅನೇಕ ದೇಶಗಳ ಆಸ್ಪತ್ರೆಗಳು ಸೇರಿ 10,008 ರೋಗಿಗಳ ಮೇಲೆ ಪರೀಕ್ಷೆ ನಡೆಸಿದವು. 2004ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಎರಡು ವಾರಗಳೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21, ಪಡೆಯದವರಲ್ಲಿ ನೂರಕ್ಕೆ 18. ಒಳ್ಳೆಯದಾಗಲೆಂದು ಕೊಟ್ಟ ಮದ್ದು ಕೇಡನ್ನು ಮಾಡುತ್ತಿತ್ತು! ಗಾಯಗೊಂಡ ಮಿದುಳಿನಲ್ಲಿ ಯಾವ ಕೋಶವು ಯಾವ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದನ್ನು ತಿಳಿಯದೆ ಇಡೀ ಮಿದುಳಿಗೆ ಒಂದೇ ಮದ್ದನ್ನು ಹೊಯ್ಯುವುದು ಎಷ್ಟು ಅಪಾಯಕರ ಎಂಬ ಪಾಠ ಇದರಿಂದ ದೊರೆಯಿತು.

ಮಿದುಳಿನ ನಿವಾಸಿಗಳು

ಮಿದುಳೆಂದರೆ ನರಕೋಶಗಳ ಮುದ್ದೆಯೆಂದು ಅನೇಕರು ತಿಳಿದಿರುವುದುಂಟು. ನರಕೋಶಗಳು ಸುಮಾರು 8,600 ಕೋಟಿ ಇವೆಯೆಂಬುದು ನಿಜ. ಆದರೆ ಸರಿಸುಮಾರು ಅಷ್ಟೇ ಸಂಖ್ಯೆಯ ಬೇರೆ ಕೋಶಗಳೂ ಅಲ್ಲಿವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಪರಿಚಯ ಮಾಡಿಕೊಳ್ಳಬೇಕು.

ನಕ್ಷತ್ರದಂತೆ ಕೈಚಾಚಿ ನಿಂತು ನರಕೋಶಗಳಿಗೆ ಆಹಾರ ಒದಗಿಸುವ, ಚೆಲ್ಲಿದ ರಾಸಾಯನಿಕಗಳನ್ನು ಹೀರಿ ಶುಚಿ ಮಾಡುವ ಆಸ್ಟ್ರೋಸೈಟುಗಳಿವೆ, ಇವನ್ನು ನಕ್ಷತ್ರಕೋಶಗಳೆನ್ನೋಣ. ನರಗಳ ಎಳೆಗೆ, ವಿದ್ಯುತ್ ತಂತಿಗೆ ರಬ್ಬರು ಸುತ್ತಿದ ಹಾಗೆ, ಕೊಬ್ಬಿನ ಪದರವನ್ನು ಸುತ್ತುವ ಆಲಿಗೋಡೆಂಡ್ರೋಸೈಟುಗಳಿವೆ, ಇವು ಕವಚಕೋಶಗಳು. ಮೂರನೆಯದು ಮೈಕ್ರೋಗ್ಲಿಯ. ಇವು ಮಿದುಳಿನ ಕಾವಲುಗಾರರು. ಸ್ಪೇನ್ ದೇಶದ ರಿಯೋ ಹೊರ್ಟೇಗ 1919ರಲ್ಲಿ ಇವುಗಳನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ ಹೆಸರಿಟ್ಟರು. ಇವಲ್ಲದೆ ರಕ್ತನಾಳದ ಒಳಗೋಡೆಯ ಕೋಶಗಳು ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ತಡೆಯುತ್ತವೆ.

ಪೆಟ್ಟು ಬಿದ್ದಾಗ ಇವುಗಳಲ್ಲಿ ಒಂದೊಂದು ಜಾತಿ ಒಂದೊಂದು ರೀತಿಯಲ್ಲಿ ವರ್ತಿಸುತ್ತದೆ. ಒಂದೇ ಜಾತಿಯ ಎಲ್ಲ ಕೋಶಗಳೂ ಏಕಪ್ರಕಾರವಾಗಿ ವರ್ತಿಸುವುದೂ ಇಲ್ಲ. ಕಾವಲುಕೋಶಗಳನ್ನೇ ತೆಗೆದುಕೊಳ್ಳಿ: ಸತ್ತ ಕೋಶಗಳ ಕಸವನ್ನು ತಿಂದು ಗಾಯ ಮಾಯಲು ನೆರವಾಗುವವು ಅವೇ, ಕೆರಳಿ, ಬದುಕಬಹುದಾಗಿದ್ದ ನರಕೋಶಗಳಿಗೆ ಹಾನಿ ಮಾಡುವವೂ ಅವೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಹೆಚ್ಚು ಕಡಿಮೆ ಒಂದೇ ತೆರನಾಗಿ ಕಾಣಬಹುದು. ಇವುಗಳನ್ನು ಬೇರ್ಪಡಿಸಿ ತಿಳಿಯಬೇಕಾದರೆ ಮುಖ ನೋಡಿದರೆ ಸಾಲದು, ಕೆಲಸ ನೋಡಬೇಕು.

ದಾಖಲೆ ಮತ್ತು ನಕಲು

ಕೋಶದ ಕೆಲಸವನ್ನು ನೋಡುವುದು ಹೇಗೆ? ತಾಲೂಕು ಕಚೇರಿಯ ದಾಖಲೆ ಕೊಠಡಿಯನ್ನು ನೆನಪಿಗೆ ತಂದುಕೊಳ್ಳಿ. ಮೂಲ ದಾಖಲೆಗಳು ಕಪಾಟಿನಲ್ಲಿ ಭದ್ರವಾಗಿರುತ್ತವೆ, ಅವನ್ನು ಹೊರಗೆ ಬಿಡುವುದಿಲ್ಲ. ಬೇಕಾದವರಿಗೆ ಬೇಕಾದ ದಾಖಲೆಯ ನಕಲು ಕೊಡುತ್ತಾರೆ. ಇಂದು ಯಾವ ಯಾವ ದಾಖಲೆಯ ಎಷ್ಟೆಷ್ಟು ನಕಲುಗಳು ಹೊರಹೋದವು ಎಂಬುದನ್ನು ಎಣಿಸಿದರೆ ಊರಿನಲ್ಲಿ ಯಾವ ವ್ಯವಹಾರ ನಡೆದಿದೆಯೆಂಬುದನ್ನು ಕಚೇರಿಯ ಹೊರಗೆ ನಿಂತೇ ಊಹಿಸಬಹುದು.

ಜೀವಕೋಶದಲ್ಲಿಯೂ ಹಾಗೆಯೇ. ಡಿ.ಎನ್.ಎ. ಎಂಬುದು ಮೂಲ ದಾಖಲೆಗಳ ಭಂಡಾರ. ಅದರಲ್ಲಿ ಪ್ರೋಟೀನುಗಳನ್ನು ತಯಾರಿಸುವ ವಿಧಿಯನ್ನು ಬರೆದಿರುವ ಸುಮಾರು 20,000 ವಂಶವಾಹಿಗಳಿವೆ. ಜೀನ್‌ಗಳೆಂದು ಇಂದು ಎಲ್ಲರೂ ಕರೆಯುವುದು ಇವನ್ನೇ. ನರಕೋಶದಲ್ಲಿರುವ ಭಂಡಾರವೂ ಕಾವಲುಕೋಶದ ಭಂಡಾರವೂ ಒಂದೇ. ಭೇದವಿರುವುದು ಯಾವ ದಾಖಲೆ ಪ್ರತಿಯಾಗುತ್ತಿದೆ ಎಂಬುದರಲ್ಲಿ. ವಂಶವಾಹಿಯ ನಕಲನ್ನು ದೂತ ಆರ್.ಎನ್.ಎ. ಎನ್ನುತ್ತಾರೆ. ಅದು ಕೋಶದ ತಯಾರಿಕಾ ಸ್ಥಾನಗಳಿಗೆ ಸುದ್ದಿ ಒಯ್ಯುತ್ತದೆಂಬುದನ್ನು ಬ್ರೆನ್ನರ್, ಜಾಕೋಬ್ ಮತ್ತು ಮೆಸೆಲ್ಸನ್ 1961ರಲ್ಲಿ ಪ್ರಯೋಗದಿಂದ ತೋರಿಸಿದರು. ವಂಶವಾಹಿಯೊಂದು ಹೀಗೆ ಪ್ರತಿಯಾಗಿ ಕೆಲಸಕ್ಕೆ ಇಳಿಯುವುದಕ್ಕೆ ‘ಅಭಿವ್ಯಕ್ತಿ’ ಎಂದು ಹೆಸರು. ಕೋಶದಲ್ಲಿರುವ ನಕಲುಗಳ ಎಣಿಕೆಯೇ ಆ ಕೋಶದ ಆ ಹೊತ್ತಿನ ಹೇಳಿಕೆ.

ರಾಶಿಯ ಲೆಕ್ಕದ ದೋಷ

ಎಣಿಸುವ ಉಪಾಯ ಮೊದಲೇ ತಿಳಿದಿತ್ತು. 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಎಂಬವರು ಆರ್.ಎನ್.ಎ.ಯಿಂದ ಡಿ.ಎನ್.ಎ.ಯನ್ನು ಬರೆಯಬಲ್ಲ ಕಿಣ್ವವನ್ನು ಪ್ರತ್ಯೇಕ ಪ್ರತ್ಯೇಕವಾಗಿ ಕಂಡುಹಿಡಿದಿದ್ದರು. ಬೇಗನೆ ನಶಿಸುವ ಆರ್.ಎನ್.ಎ.ಯನ್ನು ಗಟ್ಟಿಯಾದ ಡಿ.ಎನ್.ಎ.ಗೆ ತಿರುಗಿಸಿ, ಇಮ್ಮಡಿ ಇಮ್ಮಡಿಯಾಗಿ ಹೆಚ್ಚಿಸಿ, ಯಂತ್ರದಲ್ಲಿ ಓದಬಹುದಾಯಿತು. ಆದರೆ ಒಂದು ಕೋಶದಲ್ಲಿರುವ ಒಟ್ಟು ಆರ್.ಎನ್.ಎ. ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಹತ್ತು ಇಪ್ಪತ್ತು ಪಾಲು ಮಾತ್ರ. ಅದರಲ್ಲಿ ದೂತ ಆರ್.ಎನ್.ಎ. ನೂರಕ್ಕೆ ಐದನ್ನೂ ಮೀರದು. ಇಷ್ಟು ಅಲ್ಪವನ್ನು ಹಿಡಿಯಲಾಗದೆ ವಿಜ್ಞಾನಿಗಳು ಮಿದುಳಿನ ಒಂದು ತುಣುಕನ್ನೇ ಅರೆದು, ಅದರ ಲಕ್ಷಾಂತರ ಕೋಶಗಳ ನಕಲುಗಳನ್ನು ಒಟ್ಟಿಗೆ ಎಣಿಸುತ್ತಿದ್ದರು.

ಇದರಲ್ಲಿ ಏನು ತಪ್ಪು? ಅಡಿಕೆ ತೋಟದ ಯಜಮಾನನೊಬ್ಬ ಎಲ್ಲ ಮರಗಳ ಅಡಿಕೆಯನ್ನು ಒಂದೇ ಅಂಗಳಕ್ಕೆ ಸುರಿದು ತೂಗಿಸಿದನೆನ್ನಿ. ಕಳೆದ ವರ್ಷಕ್ಕಿಂತ ನೂರಕ್ಕೆ ಹತ್ತು ಪಾಲು ಕಡಿಮೆಯೆಂದು ತಕ್ಕಡಿ ಹೇಳುತ್ತದೆ. ಎಲ್ಲ ಮರಗಳೂ ಸ್ವಲ್ಪ ಸ್ವಲ್ಪ ಕಡಿಮೆ ಕೊಟ್ಟವೋ, ಇಲ್ಲವೆ ತೋಡಿನ ಬದಿಯ ಒಂದು ಸಾಲು ಕೊಳೆರೋಗದಿಂದ ಪೂರ್ತಿ ಹೋಯಿತೋ? ತಕ್ಕಡಿ ಅದನ್ನು ಹೇಳದು. ಮೊದಲನೆಯದಾದರೆ ತೋಟಕ್ಕೆಲ್ಲ ಗೊಬ್ಬರ ಬೇಕು. ಎರಡನೆಯದಾದರೆ ಒಂದು ಸಾಲಿಗೆ ಮದ್ದು ಬೇಕು. ರಾಶಿಯ ಲೆಕ್ಕವನ್ನು ನಂಬಿದವನು ಆರೋಗ್ಯವಾಗಿರುವ ಮರಗಳಿಗೆ ಚಿಕಿತ್ಸೆ ಮಾಡಿ, ರೋಗದ ಮರಗಳನ್ನು ಕಳೆದುಕೊಂಡಾನು.

ಅರೆದ ಮಿದುಳಿನ ಲೆಕ್ಕದಲ್ಲಿಯೂ ಇದೇ ದೋಷವಿತ್ತು. ಕಾವಲುಕೋಶಗಳು ಮಿದುಳಿನ ಕೋಶಗಳಲ್ಲಿ ಹತ್ತರಲ್ಲೊಂದು ಪಾಲೂ ಆಗಲಿಕ್ಕಿಲ್ಲ. ಅವುಗಳಲ್ಲಿ ಒಂದು ಸಣ್ಣ ಗುಂಪು ಅತಿಯಾಗಿ ಕೆರಳಿದರೂ ಒಟ್ಟು ಎಣಿಕೆಯಲ್ಲಿ ಅದು ಮುಳುಗಿಹೋಗುತ್ತದೆ. ಒಂದು ವಂಶವಾಹಿಯ ಅಭಿವ್ಯಕ್ತಿ ನರಕೋಶದಲ್ಲಿ ಇಳಿದು ನಕ್ಷತ್ರಕೋಶದಲ್ಲಿ ಏರಿದರೆ ಲೆಕ್ಕ ಸರಿಹೋಗಿ, ಏನೂ ಆಗಿಲ್ಲವೆಂದೇ ಕಾಣುತ್ತದೆ.

ಗೊನೆಗೊಂದು ಚೀಟಿ

ತೋಟದ ಯಜಮಾನನಿಗೆ ಉಪಾಯ ಹೇಳುವುದು ಸುಲಭ. ಪ್ರತಿಯೊಂದು ಮರದಿಂದ ಗೊನೆ ಇಳಿಸುವಾಗಲೇ ಆ ಮರದ ಸಂಖ್ಯೆ ಬರೆದ ಚೀಟಿಯನ್ನು ಕಟ್ಟಿಬಿಡಬೇಕು. ಬಳಿಕ ಎಲ್ಲವನ್ನೂ ಒಂದೇ ಅಂಗಳಕ್ಕೆ ಸುರಿದರೂ ಅಡ್ಡಿಯಿಲ್ಲ. ಜೀವಕೋಶಗಳ ವಿಷಯದಲ್ಲಿ ಈ ಉಪಾಯ ಕೈಗೂಡಿದ್ದು ನಮ್ಮ ಶತಮಾನದಲ್ಲಿ.

2009ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಫೂಚೌ ಟಾಂಗ್, ಅಜೀಂ ಸುರಾನಿ ಮತ್ತು ಅವರ ಸಂಗಡಿಗರು ಇಲಿಯ ಭ್ರೂಣದ ಒಂದೇ ಒಂದು ಕೋಶದಲ್ಲಿದ್ದ ದೂತ ಆರ್.ಎನ್.ಎ.ಯನ್ನು ಓದಿ ತೋರಿಸಿದರು. ಆದರೆ ಒಂದೊಂದು ಕೋಶವನ್ನೂ ಕೈಯಿಂದ ಹೆಕ್ಕಬೇಕಾಗಿತ್ತು. 2015ರಲ್ಲಿ ಅಮೆರಿಕದ ಹಾರ್ವರ್ಡಿನ ಎರಡು ತಂಡಗಳು ಸಾವಿರಾರು ಕೋಶಗಳನ್ನು ಒಮ್ಮೆಗೇ ಓದುವ ವಿಧಾನಗಳನ್ನು ಪ್ರಕಟಿಸಿದವು. ಅವುಗಳಲ್ಲಿ ಒಂದಾದ ‘ಡ್ರಾಪ್-ಸೀಕ್’ ವಿಧಾನವನ್ನು ನೋಡೋಣ.

ಮಿದುಳಿನ ತುಣುಕನ್ನು ಕಿಣ್ವಗಳಿಂದ ಸಡಿಲಿಸಿ ಕೋಶಗಳನ್ನು ಬಿಡಿಬಿಡಿಯಾಗಿ ನೀರಿನಲ್ಲಿ ತೇಲಿಸುತ್ತಾರೆ. ಈ ನೀರು ಕೂದಲಿನಷ್ಟು ಸಪುರವಾದ ಕಾಲುವೆಯಲ್ಲಿ ಹರಿದು ಬರುತ್ತದೆ. ಇನ್ನೊಂದು ಕಾಲುವೆಯಲ್ಲಿ ಅತಿ ಸಣ್ಣ ಮಣಿಗಳು ಬರುತ್ತವೆ. ಎರಡೂ ಕೂಡುವಲ್ಲಿ ಎಣ್ಣೆ ಹರಿದು, ನೀರನ್ನು ಹನಿಹನಿಯಾಗಿ ಕತ್ತರಿಸುತ್ತದೆ. ಒಂದು ಹನಿಯ ಗಾತ್ರ ಒಂದು ಮಿಲ್ಲಿಲೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದೃಷ್ಟವಿದ್ದ ಹನಿಯಲ್ಲಿ ಒಂದು ಕೋಶವೂ ಒಂದು ಮಣಿಯೂ ಜೊತೆಯಾಗುತ್ತವೆ. ಅಲ್ಲಿ ಕೋಶವು ಒಡೆಯುತ್ತದೆ; ಅದರ ದೂತ ಆರ್.ಎನ್.ಎ. ಅಣುಗಳು ಮಣಿಗೆ ಅಂಟಿಕೊಳ್ಳುತ್ತವೆ.

ಚೀಟಿ ಇರುವುದು ಈ ಮಣಿಯ ಮೇಲೆಯೇ. ಡಿ.ಎನ್.ಎ.ಯ ಲಿಪಿಗೆ ನಾಲ್ಕೇ ಅಕ್ಷರಗಳು. ಮಣಿಯ ಮೇಲೆ 12 ಅಕ್ಷರಗಳ ಒಂದು ಗುರುತನ್ನು ಬರೆದಿರುತ್ತದೆ. ನಾಲ್ಕನ್ನು ಹನ್ನೆರಡು ಸಲ ಗುಣಿಸಿದರೆ 1,67,77,216 ಆಗುತ್ತದೆ; ಅಂದರೆ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಮಿಕ್ಕಿ ಬೇರೆ ಬೇರೆ ಚೀಟಿಗಳು ದೊರೆಯುತ್ತವೆ. ಒಂದು ಮಣಿಗೆ ಅಂಟಿದ ನಕಲುಗಳೆಲ್ಲಕ್ಕೂ ಒಂದೇ ಗುರುತು. ಆ ಬಳಿಕ ಎಲ್ಲ ಹನಿಗಳನ್ನೂ ಒಡೆದು ಕೂಡಿಸಿ ಓದಿದರೂ ಯಾವ ನಕಲು ಯಾವ ಕೋಶದ್ದು ಎಂಬುದನ್ನು ಗಣಕಯಂತ್ರವು ವಿಂಗಡಿಸುತ್ತದೆ. ಈ ವಿಧಾನವನ್ನು ಪ್ರಕಟಿಸಿದವರು ಇಲಿಯ ಅಕ್ಷಿಪಟಲದ 44,808 ಕೋಶಗಳನ್ನು ಓದಿ, ಅವುಗಳಲ್ಲಿ 39 ಬಗೆಗಳನ್ನು ಗುರುತಿಸಿದರು. ಮುಂದೆ 2023ರಲ್ಲಿ ಮನುಷ್ಯನ ಮಿದುಳಿನ ಮೂವತ್ತು ಲಕ್ಷಕ್ಕೂ ಹೆಚ್ಚು ಕೋಶಕೇಂದ್ರಗಳನ್ನು ಓದಿ, 3,000ಕ್ಕೂ ಮಿಕ್ಕಿದ ಉಪಗುಂಪುಗಳ ನಕ್ಷೆಯನ್ನು ವಿಜ್ಞಾನಿಗಳು ಪ್ರಕಟಿಸಿದರು.

ಪೆಟ್ಟಾದ ಮಿದುಳು ಹೇಳಿದುದೇನು?

2018ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ತಂಡವೊಂದು ಇದೇ ಡ್ರಾಪ್-ಸೀಕ್ ವಿಧಾನವನ್ನು ಮಿದುಳಿನ ಪೆಟ್ಟಿಗೆ ಅನ್ವಯಿಸಿತು. ಇಲಿಗಳ ಮಿದುಳಿಗೆ ಲಘುವಾದ ಆಘಾತವನ್ನು ಕೊಟ್ಟು, 24 ಗಂಟೆಗಳ ಬಳಿಕ, ನೆನಪಿಗೆ ಮುಖ್ಯವಾದ ಹಿಪೋಕ್ಯಾಂಪಸ್ ಎಂಬ ಭಾಗದ ಸಾವಿರಾರು ಕೋಶಗಳನ್ನು ಒಂದೊಂದಾಗಿ ಓದಿದರು. ಆಘಾತವಿಲ್ಲದ ಇಲಿಗಳ ಕೋಶಗಳೊಡನೆ ಹೋಲಿಸಿದರು. ಒಂದೊಂದು ಜಾತಿಯ ಕೋಶದಲ್ಲಿ ಒಂದೊಂದು ಬಗೆಯ ಬದಲಾವಣೆ ಕಂಡುಬಂತು. ಆದರೆ ಒಂದು ವಂಶವಾಹಿ ಮಾತ್ರ ಹಲವು ಜಾತಿಯ ಕೋಶಗಳಲ್ಲಿ ಒಟ್ಟಿಗೇ ಏರಿತ್ತು. ಅದು ಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನಿನ ವಂಶವಾಹಿ.

ಇದನ್ನು ಕಂಡ ಸಂಶೋಧಕರು ಒಂದು ಊಹೆ ಮಾಡಿದರು: ಗಾಯಗೊಂಡ ಕೋಶಗಳಿಗೆ ಆ ಹಾರ್ಮೋನಿನ ಕೊರತೆಯಾಗಿ, ಅವು ಅದನ್ನು ಹೆಚ್ಚು ತರಿಸಿಕೊಳ್ಳಲು ಹೆಣಗುತ್ತಿರಬಹುದೆ? ಪೆಟ್ಟಾದ ಇಲಿಗಳಿಗೆ ಕೆಲವೇ ಗಂಟೆಗಳೊಳಗೆ ಥೈರಾಕ್ಸಿನ್ ಕೊಟ್ಟು ನೋಡಿದರು. ಕೊಡದ ಇಲಿಗಳಿಗಿಂತ ಅವು ಕಲಿಕೆ ಮತ್ತು ನೆನಪಿನ ಪರೀಕ್ಷೆಯಲ್ಲಿ ಉತ್ತಮವಾಗಿ ನಡೆದುಕೊಂಡವು. ಕೋಶಗಳ ಹೇಳಿಕೆಯಿಂದ ಊಹೆ, ಊಹೆಯಿಂದ ಚಿಕಿತ್ಸೆಯ ಪ್ರಯೋಗ ಎಂಬ ಈ ಸರಣಿಯೇ ಇಲ್ಲಿ ಗಮನಿಸತಕ್ಕದ್ದು. ಇದು ಇಲಿಗಳಲ್ಲಿ ದೊರೆತ ಫಲವೆಂಬುದನ್ನು ವಾಚಕರು ಮರೆಯಬಾರದು. ತಲೆಗೆ ಪೆಟ್ಟಾದವನಿಗೆ ಮನೆಯಲ್ಲಿರುವ ಥೈರಾಯ್ಡ್ ಮಾತ್ರೆ ಕೊಡುವ ಸಾಹಸವನ್ನು ಯಾರೂ ಮಾಡಕೂಡದು.

ಮನುಷ್ಯನ ಮಿದುಳಿನ ಹೇಳಿಕೆಯೂ ಈಚೆಗೆ ದೊರೆತಿದೆ. ಪೆಟ್ಟು ತೀವ್ರವಾಗಿ ಬಾವು ಮಿತಿಮೀರಿದಾಗ, ಪ್ರಾಣ ಉಳಿಸುವುದಕ್ಕಾಗಿ ನಜ್ಜುಗುಜ್ಜಾದ ಭಾಗವನ್ನು ಶಸ್ತ್ರವೈದ್ಯರು ತೆಗೆಯಬೇಕಾಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದವರು ಹೀಗೆ ತೆಗೆದ ತುಣುಕುಗಳನ್ನು ಓದಿ 2023ರಲ್ಲಿ ವರದಿ ಪ್ರಕಟಿಸಿದರು. ಪೆಟ್ಟಾಗಿ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗಿನ ತುಣುಕುಗಳವು. ಸಾಮಾನ್ಯವಾಗಿ ಎಲ್ಲರ ಕಣ್ಣಿರುವುದು ಕಾವಲುಕೋಶಗಳ ಮೇಲೆ. ಆದರೆ ಇಲ್ಲಿ, ನರಗಳಿಗೆ ಕವಚ ಹೊದಿಸುವುದೇ ಕಸುಬಾಗಿದ್ದ ಕವಚಕೋಶಗಳೂ ವೈರಸ್ಸಿನ ದಾಳಿಯಾದಾಗ ಏಳುವಂಥ ರಕ್ಷಣಾ ವಂಶವಾಹಿಗಳನ್ನು ಎಬ್ಬಿಸಿದ್ದವು. ಅವುಗಳ ಜೊತೆಗೆ ಇನ್ನೊಂದು ವಿಚಿತ್ರ ಸಂಗತಿಯೂ ಕಂಡಿತು. ನಮ್ಮ ಡಿ.ಎನ್.ಎ.ಯಲ್ಲಿ ನೂರಕ್ಕೆ ಸುಮಾರು 8 ಪಾಲು ಲಕ್ಷಾಂತರ ವರ್ಷಗಳ ಹಿಂದೆ ಪೂರ್ವಜರ ಮೈಯನ್ನು ಹೊಕ್ಕ ವೈರಸ್ಸುಗಳ ಪಳೆಯುಳಿಕೆ. ಸಾಮಾನ್ಯವಾಗಿ ನಿದ್ರಿಸುತ್ತಿರುವ ಆ ದಾಖಲೆಗಳಲ್ಲಿ ಕೆಲವು ಈ ಕವಚಕೋಶಗಳಲ್ಲಿ ಪ್ರತಿಯಾಗುತ್ತಿದ್ದವು! ಅರೆದ ರಾಶಿಯನ್ನು ನೋಡಿದವರಿಗೆ ಈ ಕರೆ ಯಾವ ಕೋಶದಿಂದ ಬಂದುದೆಂಬುದು ತಿಳಿಯುವಂತಿರಲಿಲ್ಲ.

ಈ ವಿಧಾನದ ಮಿತಿಗಳು

ಹೊಸ ಉಪಕರಣ ಬಂದಾಗ ಅದು ಏನನ್ನು ಹೇಳಲಾರದು ಎಂಬುದನ್ನೂ ತಿಳಿದಿರಬೇಕು. ಮೊದಲನೆಯದಾಗಿ, ಡ್ರಾಪ್-ಸೀಕಿನ ಮಣಿಗೆ ಅಂಟುವುದು ಕೋಶದಲ್ಲಿರುವ ನಕಲುಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಆದುದರಿಂದ ಒಂದು ವಂಶವಾಹಿ ಲೆಕ್ಕದಲ್ಲಿ ಸಿಗಲಿಲ್ಲವೆಂದರೆ ಅದು ಕೆಲಸ ಮಾಡುತ್ತಿರಲಿಲ್ಲವೆಂದು ತೀರ್ಮಾನಿಸುವಂತಿಲ್ಲ. ಒಮ್ಮೊಮ್ಮೆ ಒಂದೇ ಹನಿಯಲ್ಲಿ ಎರಡು ಕೋಶಗಳು ಸೇರಿ, ಎರಡು ಗೊನೆಗೆ ಒಂದೇ ಚೀಟಿ ಬೀಳುವುದೂ ಉಂಟು.

ಎರಡನೆಯದು, ಕೋಶಗಳನ್ನು ಬಿಡಿಸುವ ಕ್ರಿಯೆಯೇ ಅವುಗಳಿಗೆ ಇನ್ನೊಂದು ಪೆಟ್ಟು. ಬಿಡಿಸುವ ಹೊತ್ತಿನಲ್ಲಿ ಗಾಬರಿಯ ವಂಶವಾಹಿಗಳು ಏಳುವುದನ್ನು 2017ರಲ್ಲಿಯೇ ತೋರಿಸಲಾಗಿದೆ. ಗಾಯವನ್ನು ಅಭ್ಯಸಿಸುವವನಿಗೆ ಇದು ದೊಡ್ಡ ತೊಡಕು. ಇದಕ್ಕೆ ಒಂದು ಪರಿಹಾರವೆಂದರೆ, ಮಿದುಳಿನ ತುಣುಕನ್ನು ಕೂಡಲೆ ಹೆಪ್ಪುಗಟ್ಟಿಸಿ, ಇಡೀ ಕೋಶದ ಬದಲು ಅದರ ಕೇಂದ್ರವನ್ನು ಮಾತ್ರ ಬೇರ್ಪಡಿಸಿ ಓದುವುದು. ಲುಂಡಿನವರು ಮಾಡಿದುದು ಹೀಗೆಯೇ.

ಮೂರನೆಯದು, ಗೊನೆಯ ಚೀಟಿಯಲ್ಲಿ ಮರದ ಸಂಖ್ಯೆಯಿದೆಯೇ ಹೊರತು ಮರ ತೋಟದ ಯಾವ ಮೂಲೆಯಲ್ಲಿತ್ತೆಂಬುದಿಲ್ಲ. ಕೆರಳಿದ ಕೋಶ ಗಾಯದ ಅಂಚಿನಲ್ಲಿತ್ತೋ, ದೂರದಲ್ಲಿತ್ತೋ? ಇದನ್ನು ತಿಳಿಯಲು ಸ್ಟಾಕ್‌ಹೋಮಿನ ವಿಜ್ಞಾನಿಗಳು 2016ರಲ್ಲಿ ಇನ್ನೊಂದು ಉಪಾಯವನ್ನು ಪ್ರಕಟಿಸಿದರು. ಗಾಜಿನ ಫಲಕದ ಮೇಲೆ ಸ್ಥಾನಸ್ಥಾನಕ್ಕೂ ಬೇರೆ ಬೇರೆ ಗುರುತುಗಳನ್ನು ಬರೆದು, ಅದರ ಮೇಲೆ ಮಿದುಳಿನ ತೆಳುಪದರವನ್ನು ಹಾಸುತ್ತಾರೆ. ನಕಲುಗಳು ತಾವಿದ್ದ ಜಾಗದ ಗುರುತಿಗೇ ಅಂಟಿಕೊಳ್ಳುತ್ತವೆ. ಇಂದು ಎರಡೂ ವಿಧಾನಗಳನ್ನು ಜೊತೆಯಾಗಿ ಬಳಸುತ್ತಾರೆ.

ಕೊನೆಯ ಮಿತಿ ಎಲ್ಲಕ್ಕಿಂತ ದೊಡ್ಡದು. ಓದಿದ ಕೋಶ ಸತ್ತ ಕೋಶ. ಅದೇ ಕೋಶವನ್ನು ನಾಳೆ ಮತ್ತೆ ಕೇಳುವಂತಿಲ್ಲ. ಬದುಕಿರುವವನ ಮಿದುಳನ್ನು ಸಂಶೋಧನೆಗಾಗಿ ಕೆತ್ತುವಂತೆಯೂ ಇಲ್ಲ. ಆದುದರಿಂದ ಮನುಷ್ಯನ ಮಿದುಳಿನ ವಿಷಯದಲ್ಲಿ ವಿಜ್ಞಾನವು ಇತರರ ಔದಾರ್ಯವನ್ನು ನಂಬಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಾನವ ಮಿದುಳಿನ ಭಂಡಾರವೊಂದು ಸ್ಥಾಪನೆಯಾಯಿತು. ಸತ್ತವರ ಮಿದುಳನ್ನು ಬಂಧುಗಳ ಒಪ್ಪಿಗೆಯಿಂದ ಪಡೆದು, ಸಂಶೋಧನೆಗೆಂದು ಕಾಪಿಡುವುದು ಅದರ ಕೆಲಸ. ಹೆಪ್ಪುಗಟ್ಟಿಸಿದ ತುಣುಕಿನಿಂದಲೂ ಕೋಶಕೇಂದ್ರಗಳನ್ನು ಓದಬಹುದೆಂದು ಮೇಲೆ ಹೇಳಿದೆವಷ್ಟೆ. ಈ ಕಾರಣದಿಂದ ಇಂಥ ಭಂಡಾರಗಳ ಬೆಲೆ ಹಿಂದಿಗಿಂತ ಇಂದು ಹೆಚ್ಚಾಗಿದೆ. ದುಃಖದ ಗಳಿಗೆಯಲ್ಲಿ ಒಪ್ಪಿಗೆ ಕೊಟ್ಟ ಒಂದು ಕುಟುಂಬದಿಂದಾಗಿ ಇನ್ನೆಷ್ಟೋ ಕುಟುಂಬಗಳ ಪ್ರಶ್ನೆಗೆ ಉತ್ತರ ದೊರೆತೀತು.

ಮತ್ತೆ ತೋಟಕ್ಕೆ

ಕೋಶಗಳ ಹೇಳಿಕೆಯಿಂದ ಮದ್ದು ಹುಟ್ಟಿ ಊರಿನ ಆಸ್ಪತ್ರೆಗೆ ಬರಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ತೋಟದವರು ಮಾಡಬಹುದಾದ ಕೆಲಸವಿದೆ. ಈಚಿನ ವರ್ಷಗಳಲ್ಲಿ ಈ ಭಾಗದ ಕೃಷಿಕರು ಕಾರ್ಬನ್ ಫೈಬರಿನ ಉದ್ದನೆಯ ದೋಟಿಯನ್ನು ಹಿಡಿದು, ನೆಲದಲ್ಲಿಯೇ ನಿಂತು ಗೊನೆ ಇಳಿಸುವುದನ್ನೂ ಮದ್ದು ಬಿಡುವುದನ್ನೂ ರೂಢಿಸಿಕೊಳ್ಳುತ್ತಿದ್ದಾರೆ. ಬೀಳುವ ಸಂಭವವೇ ಇಲ್ಲದ ಈ ಕ್ರಮ ಎಲ್ಲಕ್ಕಿಂತ ಮೇಲು. ಆದರೆ ಕಾರ್ಬನ್ ವಿದ್ಯುತ್ತನ್ನು ಹರಿಸುವ ವಸ್ತುವಾದುದರಿಂದ ವಿದ್ಯುತ್ ತಂತಿಯ ಬಳಿಯಲ್ಲಿ ಆ ದೋಟಿಯನ್ನು ಎತ್ತಲೇಬಾರದು. ಮರವೇರಲೇಬೇಕಾದರೆ ಸೊಂಟಕ್ಕೆ ಸುರಕ್ಷಾಪಟ್ಟಿ ಇರಲಿ. ಮುಟ್ಟಾಳೆ ಮದ್ದಿನ ತುಂತುರನ್ನು ತಡೆದೀತು, ನೆಲದ ಪೆಟ್ಟನ್ನು ತಡೆಯದು.

ಬಿದ್ದವನನ್ನು ಎಳೆದೆಬ್ಬಿಸಿ ಕೂರಿಸಬಾರದು, ಕುಡಿಯಲು ಏನನ್ನೂ ಕೊಡಬಾರದು. ಕುತ್ತಿಗೆ ಅಲುಗದಂತೆ ಹಿಡಿದು, ಗಟ್ಟಿಯಾದ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ವಾಂತಿಯಾದರೆ ತಲೆ, ಕುತ್ತಿಗೆ, ಮೈಯನ್ನು ಒಟ್ಟಿಗೇ ಬದಿಗೆ ತಿರುಗಿಸಬೇಕು. ಅಷ್ಟು ಎತ್ತರದಿಂದ ಬಿದ್ದವನು ಮಾತನಾಡುತ್ತಿದ್ದರೂ ಆಸ್ಪತ್ರೆಗೆ ತೋರಿಸದೆ ಇರಬಾರದು. ಹೆಚ್ಚುತ್ತಿರುವ ತಲೆನೋವು, ಪುನಃ ಪುನಃ ವಾಂತಿ, ಮಂಪರು, ತೊದಲುವ ಮಾತು, ಫಿಟ್ಸ್, ಒಂದು ಕೈಕಾಲಿನ ಬಲಹೀನತೆ, ಕಣ್ಣಪಾಪೆಗಳು ಒಂದು ದೊಡ್ಡದು ಒಂದು ಸಣ್ಣದಾಗುವುದು, ಕಿವಿ ಮೂಗುಗಳಿಂದ ರಕ್ತ ಅಥವಾ ತಿಳಿದ್ರವ ಸೋರುವುದು – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರ್, ಪುತ್ತೂರಿನಿಂದ ಸುಮಾರು 50. ಮಳೆಗಾಲದ ದಾರಿಯಲ್ಲಿ ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಬೇಗನೆ ಹೊರಡಬೇಕು.

ಹೊರಡುವಾಗ ಒಂದು ಚೀಟಿಯನ್ನು ಬರೆದು ಕಿಸೆಯಲ್ಲಿಟ್ಟುಕೊಳ್ಳಿ: ಎಷ್ಟು ಗಂಟೆಗೆ ಬಿದ್ದನು, ಎಷ್ಟು ಎತ್ತರದಿಂದ, ಪ್ರಜ್ಞೆ ತಪ್ಪಿತ್ತೆ, ಕೊನೆಯ ಬಾರಿ ಸರಿಯಾಗಿ ಮಾತನಾಡಿದ್ದು ಯಾವಾಗ, ರಕ್ತ ತೆಳುವಾಗುವ ಮದ್ದನ್ನು ಸೇವಿಸುತ್ತಿದ್ದನೆ. ಪ್ರಯೋಗಶಾಲೆಯಲ್ಲಿ ಕೋಶವನ್ನು ಓದುವವನು ಮೊದಲು ಕೇಳುವ ಪ್ರಶ್ನೆ ‘ಪೆಟ್ಟಾಗಿ ಎಷ್ಟು ಹೊತ್ತಾಯಿತು?’ ಎಂಬುದೇ. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು ಕೇಳುವುದೂ ಅದನ್ನೇ.